ಸೊಟ್ಟ ಗಡಿಗೆಯ ಸಾಯಣ್ಣ

ಕೊತ್ತಪಲ್ಲಿಯ ಕುಂಬಾರ ಸಾಯಣ್ಣನ ಗಡಿಗೆಗಳಲ್ಲಿ ಹೊಗಳುವಂಥದ್ದೇನೂ ಇರಲಿಲ್ಲ, ಬೈಯುವಂಥದ್ದೂ ಇರಲಿಲ್ಲ. ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಸರಕಿಲ್ಲ. ಜನ ಬೆರಳಿನಿಂದ ಬಡಿದು, ಸದ್ದು ಕೇಳಿ ಒಯ್ಯುತ್ತಿದ್ದರು. ಗಡಿಗೆಯ ಮುಖವನ್ನಾಗಲಿ ಮಾಡಿದವನ ಮುಖವನ್ನಾಗಲಿ ಯಾರೂ ನೋಡುತ್ತಿರಲಿಲ್ಲ. ಊರಲ್ಲಿ ಮದುವೆಯಾದಾಗ ಮಾತ್ರ ಅವನ ಅಂಗಳಕ್ಕೆ ಬಾಜಾಭಜಂತ್ರಿ ಬರುತ್ತಿತ್ತು. ಸುಣ್ಣ, ಕೆಮ್ಮಣ್ಣು ಬಳಿದ ಐರಾಣಿ ಗಡಿಗೆಗಳನ್ನು ಮುತ್ತೈದೆಯರು ಪೂಜಿಸಿ ಹೊತ್ತುಕೊಂಡು ಹೋಗದೆ ಹಂದರದಲ್ಲಿ ಮದುವೆ ಶುರುವಾಗುವಂತಿರಲಿಲ್ಲ. ಆ ಒಂದು ಗಳಿಗೆ ಸಾಯಣ್ಣ ರುಮಾಲು ಸುತ್ತಿ ಗದ್ವಾಲದ ರಾಜನಂತೆ ಕೂತಿರುತ್ತಿದ್ದ. ಉಳಿದ ದಿನವೆಲ್ಲ ಮಣ್ಣು.

ನಿಜಾಮರ ಸರ್ಕಾರ ಆ ಸೀಮೆಯ ರಸ್ತೆ ಅಳೆಯಲು ಒಬ್ಬ ಇಂಗ್ಲಿಷ್ ಇಂಜಿನಿಯರನನ್ನು ಕಳಿಸಿತು. ನಾರಾಯಣಪೇಟೆಯ ಬಂಗಲೆಯಲ್ಲಿ ಅವನ ಬಿಡಾರ. ಅವನ ಹೆಂಡತಿ ಹಿಂದೆ ಜಪಾನಿನಲ್ಲಿದ್ದು ಇಕೆಬಾನಾ ಎಂಬ ಹೂ ಜೋಡಿಸುವ ವಿದ್ಯೆ ಕಲಿತವಳು. ಅಲ್ಲಿ ಹೂವನ್ನು ಮಾಲೆ ಕಟ್ಟುವುದಿಲ್ಲ, ದೇವರಿಗೆ ಏರಿಸುವುದಿಲ್ಲ, ಮುಡಿಯುವುದೂ ಇಲ್ಲ. ಒಂದು ಕೊಂಬೆ, ಒಂದೆರಡು ಹೂ, ಮಿಕ್ಕಿದ್ದೆಲ್ಲ ಖಾಲಿ ಜಾಗ. ಮೊದಲು ಪಾತ್ರೆ ಆರಿಸಬೇಕು, ಯಾವ ಕೊಂಬೆ ಬೇಕೆಂದು ಪಾತ್ರೆಯೇ ಹೇಳುತ್ತದೆ ಎಂದು ಅವಳ ನಂಬಿಕೆ. ಗದ್ವಾಲದ ಹಿತ್ತಾಳೆ ಚೆಂಬು ತರಿಸಿದಳು, ಮಕ್ತಲದ ಕಲ್ಲಿನ ಮರಿಗೆಯನ್ನು ಹೊರಿಸಿಕೊಂಡು ಬಂದಳು. ಯಾವುದೂ ಬಾಯಿ ಬಿಡಲಿಲ್ಲ.

ಒಂದು ದಿನ ಕೊತ್ತಪಲ್ಲಿಗೆ ಬಂದ ದೊರೆಸಾನಿ ಸಾಯಣ್ಣನ ತಿಪ್ಪೆಯ ಮುಂದೆ ನಿಂತುಬಿಟ್ಟಳು. ಹಸಿಯಿದ್ದಾಗ ಮಳೆಗೆ ಸಿಕ್ಕು ಒಂದು ಬದಿ ಕುಸಿದು, ಕೊರಳು ವಾಲಿಸಿಕೊಂಡೇ ಬೆಂದ ಗಡಿಗೆಯೊಂದು ಅಲ್ಲಿ ಬಿದ್ದಿತ್ತು. ಅದನ್ನೆತ್ತಿ ಒರೆಸಿ, ಒಣಗಿದ ಜಾಲಿಯ ಟೊಂಗೆಯೊಂದನ್ನೂ ಮುತ್ತುಗದ ಹೂವೊಂದನ್ನೂ ಅದರಲ್ಲಿಟ್ಟು, ನೆಲದ ಮೇಲೇ ಕೂತು ನೋಡಿದಳು. ಆಮೇಲೆ ಮಾಡಿದವರು ಯಾರೆಂದು ಜೊತೆಗಿದ್ದ ಜವಾನನ ಬಾಯಿಂದ ಕೇಳಿಸಿ, ಸಾಯಣ್ಣನ ಮುಖವನ್ನೂ ಅಷ್ಟೇ ಹೊತ್ತು ನೋಡಿದಳು. ಆ ಗಡಿಗೆಯನ್ನು ಕೊಂಡು, ಯುಗಾದಿಯಾದ ಮೇಲೆ ಮತ್ತೆ ಬರುತ್ತೇನೆಂದು ಹೇಳಿ ಹೋದಳು.

ಗಿರಾಕಿ ಮೆಚ್ಚಿದ್ದು ಸರಕನ್ನೋ, ಸರಕಿಗೆ ಒದಗಿದ ಗ್ರಹಚಾರವನ್ನೋ ಎಂದು ಸಾಯಣ್ಣ ವಿಚಾರಿಸಲಿಲ್ಲ. ಮರುದಿನದಿಂದಲೇ ತಿರುಗುವ ತಿಗರಿಯಿಂದ ಇಳಿಸಿದ ಗಡಿಗೆಗಳ ಕೊರಳನ್ನು ಹೆಬ್ಬೆರಳಿನಿಂದ ಒತ್ತಿ ವಾಲಿಸತೊಡಗಿದ. ಹಾದು ಹೋಗುವವರು ನಿಂತು ನೋಡಿದರು. ಹೆಂಡತಿ ಮೊಗುಲಮ್ಮನಿಗೆ ತಡೆಯಲಾಗಲಿಲ್ಲ.

“ಮದುವಿ ಗಡಿಗಿ ಮಾಡೋ ಕೈ ಅದು. ಬೇಕಂತ ಸೊಟ್ಟ ಮಾಡಬ್ಯಾಡ.”

“ನಿನಗೇನು ತಿಳೀತೈತಿ? ಜಪಾನದಾಗ ನೆಟ್ಟಗಿದ್ದದ್ದು ಯಾರೂ ಕೇಳಂಗಿಲ್ಲಂತ, ಜವಾನ ಹೇಳ್ಯಾನ.”

“ಹಂಗಾರ ನನಗ್ಯಾಕ ದಿನಾ ನೆಟ್ಟಗಿರು ಅಂತಿ?”

ಅವನು ನಕ್ಕ. ಒಂದು ಆವಿಗೆಯ ತುಂಬ ಸೊಟ್ಟ ಗಡಿಗೆಗಳು ಬೆಂದು ಹೊರಬಂದವು.

ದೊರೆಸಾನಿ ಹೇಳಿದಂತೆ ಬಂದಳು. ಸಾಲಾಗಿಟ್ಟ ಗಡಿಗೆಗಳನ್ನು ಒಂದೊಂದಾಗಿ ನೋಡುತ್ತ ಹೋದಂತೆ ಅವಳ ಮುಖ ಸಪ್ಪಗಾಯಿತು. ಜವಾನನಿಗೆ ಏನೋ ಹೇಳಿ ಗಾಡಿ ಹತ್ತಿದಳು.

“ಮಳಿ ಮಾಡಿದ್ದು ಬ್ಯಾರೆ, ನೀ ಮಾಡಿದ್ದು ಬ್ಯಾರೆ ಅಂತಾರ,” ಎಂದ ಜವಾನ. “ಇವೆಲ್ಲ ಸೋಗು ಹಾಕ್ಯಾವಂತ.”

ಈ ಸಲ ಅವಳು ಸಾಯಣ್ಣನ ಮುಖ ನೋಡಿರಲಿಲ್ಲ. ಮಳೆಗಾಲಕ್ಕೆ ಮೊದಲೇ ಇಂಜಿನಿಯರನ ಬಿಡಾರ ಬೇರೆ ಜಿಲ್ಲೆಗೆ ಹೋಯಿತು.

ಜಪಾನಿನ ವಿದ್ಯೆ ಕಲಿಯದೆಯೇ ಊರು ಅದೇ ತೀರ್ಮಾನಕ್ಕೆ ಬಂದಿತ್ತು. ಗೌಡ ದೇವೇಂದ್ರಪ್ಪನ ಮಗಳ ಮದುವೆ ಗೊತ್ತಾದಾಗ ಸಾಯಣ್ಣ ಐರಾಣಿ ಗಡಿಗೆಗಳನ್ನು ಉಸಿರು ಬಿಗಿಹಿಡಿದು ಮಾಡಿದ; ಜೀವಮಾನದಲ್ಲಿ ಅಂಥ ನೆಟ್ಟನೆಯವನ್ನು ಅವನು ಮಾಡಿರಲಿಲ್ಲ. ಮೊಗುಲಮ್ಮ ಅಂಗಳ ಸಾರಿಸಿ ಕಾದಳು. ಬಾಜಾ ಬಂತು, ಬಾಗಿಲು ದಾಟಿ ಮುಂದೆ ಹೋಯಿತು. ಮಕ್ತಲದಿಂದ ಗಡಿಗೆ ಹೊತ್ತು ಬಂದ ಬಂಡಿ ಊರ ಅಗಸಿಬಾಗಿಲಲ್ಲಿ ನಿಂತಿತ್ತು.

ಸಾಯಣ್ಣ ಗೌಡನ ಹಿಂದೆ ಓಡಿದ.

“ನಿನ್ನ ಗಡಿಗಿ ನೆಟ್ಟಗ ಅದಾವ, ನಾ ಇಲ್ಲ ಅನ್ನಂಗಿಲ್ಲ,” ಎಂದ ಗೌಡ, ಮೆತ್ತಗೇ. “ಆದರ ಬೇಕಂತ ಸೊಟ್ಟ ಮಾಡಿದ ಕೈ ಅದು. ನಾಳೆ ನನ್ನ ಮಗಳ ಬಾಳಿಗೆ ಏನಾರ ಆದ್ರ ಯಾರನ್ನ ಕೇಳ್ಲಿ?”

“ಒಂದ್ಸಲ ಮಾಡಿದ್ನಿ ಗೌಡ್ರ. ಮತ್ತ ಮಾಡಂಗಿಲ್ಲರಿ.”

“ಮಳೀಗೆ ಕೆಟ್ಟಿದ್ರ ಮಾತಿರಲಿಲ್ಲಪ್ಪ.”

ಗೌಡ ಬಿಟ್ಟ ಮೇಲೆ ಊರೂ ಬಿಟ್ಟಿತು. ನೀರಿನ ಗಡಿಗೆ, ಮುಚ್ಚಳ ಕೇಳಿಕೊಂಡು ಜನ ಆಗೀಗ ಬರುತ್ತಿದ್ದರು. ಆದರೆ ಅಷ್ಟರಲ್ಲಿ ಸಾಯಣ್ಣನೇ ತನ್ನ ಕೈ ನಂಬುವುದನ್ನು ಬಿಟ್ಟಿದ್ದ. ತನ್ನ ತಕ್ಕಡಿಯ ಮೇಲೇ ಗುಮಾನಿ ಬಂದ ಶೆಟ್ಟಿ ಅಂಗಡಿ ತೆರೆದಿದ್ದರೂ ಮುಚ್ಚಿದಂತೆಯೇ. ತಿಗರಿಯ ಮೇಲಿನ ಪ್ರತಿ ಗಡಿಗೆಯೂ ಅವನ ಕಣ್ಣಿಗೆ ವಾಲಿದಂತೆ ಕಾಣುತ್ತಿತ್ತು. ವಾಲಿಲ್ಲವೆಂದು ಹೆಂಡತಿ ಹೇಳಿದರೂ ಕೇಳದೆ ಹಿಸುಕಿ ಮತ್ತೆ ಮುದ್ದೆ ಮಾಡುತ್ತಿದ್ದ. ಬರಬರುತ್ತ ಆವಿಗೆಯಲ್ಲಿ ಹುಲ್ಲು ಬೆಳೆಯಿತು.

ಮನೆಯ ಕೊನೆಯ ಗಡಿಗೆ ಒಡೆದಾಗ ಮೊಗುಲಮ್ಮ ತನ್ನನ್ನು ಯಾರೂ ಗುರುತಿಸದ ನಾರಾಯಣಪೇಟೆಯ ಸಂತೆಗೆ ಹೋದಳು. ಎಲ್ಲರಂತೆ ಬೆರಳಿನಿಂದ ಬಡಿದು, ಸದ್ದು ಕೇಳಿ, ಒಂದನ್ನು ಕೊಂಡು ಸೆರಗು ಮುಚ್ಚಿ ತಂದಳು. ಸಂಜೆ ಅದರ ನೀರನ್ನು ಗಂಡನಿಗೆ ಕೊಟ್ಟಳು. ಸಾಯಣ್ಣ ಕುಡಿದ.

“ಯಾರ ಕೈದು?”

“ಮಕ್ತಲದವರದು.”

“ತಣ್ಣಗ ಅದಾವ ನೀರು,” ಎಂದು ಅವನು ಗೋಡೆಯ ಕಡೆ ತಿರುಗಿ ಮಲಗಿದ.