ತಿಪ್ಪೇಶಪ್ಪ ಕುರ್ಚಿಯಲ್ಲಿ ಕೂತ ಮಧ್ಯಾಹ್ನ

ಹೊನ್ನಾಳಿಯ ಬಸ್ ಸ್ಟ್ಯಾಂಡಿನ ಹಿಂದಿನ ಬಾರಿನಲ್ಲಿ ಇಪ್ಪತ್ತಾರು ವರ್ಷ ಸಪ್ಲೈಯರ್ ಆಗಿದ್ದ ತಿಪ್ಪೇಶಪ್ಪ ಅಲ್ಲಿನ ಕುರ್ಚಿಯ ಮೇಲೆ ಒಂದು ದಿನವೂ ಕೂತವನಲ್ಲ. ಊಟ ಅಡುಗೆಮನೆಯ ಕಟ್ಟೆಯ ಮೇಲೆ, ದಣಿವಾರಿಸಿಕೊಳ್ಳುವುದು ಖಾಲಿ ಕ್ರೇಟಿನ ಮೇಲೆ. ಜಗಳೂರು ಕಡೆಯ ಒಣನೆಲದಿಂದ ಬಂದ ಎತ್ತರದ ಬಡಕಲು ಆಳು. ಒಂದೇ ಕೈಯಲ್ಲಿ ಆರು ಗ್ಲಾಸು ಹಿಡಿದು ಬಂದರೂ ಹನಿ ಚೆಲ್ಲುತ್ತಿರಲಿಲ್ಲ. ತಾನು ಮಾತ್ರ ಒಂದು ತೊಟ್ಟನ್ನೂ ನಾಲಿಗೆಗೆ ತಾಗಿಸಿದವನಲ್ಲ.

ಅವನ ಆಸ್ತಿಯೆಲ್ಲ ತಲೆಯೊಳಗಿತ್ತು. ಯಾವ ಗಿರಾಕಿಗೆ ಏನು ಬೇಕು, ಯಾರಿಗೆ ಯಾವ ಮೂಲೆ, ಯಾರ ಎದುರಿಗೆ ಯಾರನ್ನು ಕೂರಿಸಬಾರದು, ಎಲ್ಲ ಬಾಯಿಪಾಠ. ಆದರೆ ಯಾರಿಗೂ ಹೇಳಿಕೊಟ್ಟವನಲ್ಲ. ಕೇಳಿದರೆ, “ಕಣ್ಣು ಬಿಟ್ಕಂಡು ನೋಡು, ಬರ್ತೈತೆ” ಎಂದುಬಿಡುವನು. ಗಿರಾಕಿಗಳು ಒಳಗೆ ಕಾಲಿಡುತ್ತಲೇ “ತಿಪ್ಪೇಶಪ್ಪ ಎಲ್ಲಿ?” ಎಂದು ಕೇಳಿದರೆ ಅವನಿಗೆ ಹೋಳಿಗೆ ಉಂಡಷ್ಟು ಸಂತೋಷ.

ಕೆಲಸ ಬಿಟ್ಟು ಬರುತ್ತೇನೆಂದು ಹೆಂಡತಿ ಮೂಕಮ್ಮನಿಗೆ ಎರಡು ಸಲ ಮಾತು ಕೊಟ್ಟು ಎರಡು ಸಲವೂ ತಪ್ಪಿದ್ದ. ಆಕೆ ಜಗಳೂರಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಅಂಗಡಿ ಇಟ್ಟಿದ್ದಳು. ಈಗ ಕೈ ನೋವು, ಬಾಣಲೆ ಎತ್ತಲು ಆಗದು. ಈ ಸಲ ಫೋನಿನಲ್ಲಿ ಆಡಿದ್ದು ಇಷ್ಟೇ: “ಇವತ್ತು ಬಂದ್ರೆ ಬರ್ರಿ. ಇಲ್ಲಾಂದ್ರೆ ಅಲ್ಲೇ ಇದ್ಬಿಡ್ರಿ. ನಾನಿನ್ನು ಕರಿಯಲ್ಲ.” ಇವತ್ತೇ ಜಗಳೂರು ಮುಟ್ಟಬೇಕಾದರೆ ನಾಲ್ಕು ಗಂಟೆಯ ದಾವಣಗೆರೆ ಬಸ್ಸು ಹತ್ತಲೇಬೇಕಿತ್ತು.

ಆದರೆ ಆ ಬಾರಿನಲ್ಲಿ ಬಿಟ್ಟು ಹೋಗುವವನಿಗೆ ‘ಕುರ್ಚಿ ಹಾಕುವ’ ಪದ್ಧತಿಯಿತ್ತು. ಮೂರು ಗಂಟೆಯ ಮೇಲೆ, ಗಿರಾಕಿ ಕಡಿಮೆಯಾದಾಗ, ಅವನನ್ನು ನಡುವಿನ ಟೇಬಲ್ಲಿಗೆ ಕೂರಿಸಿ ಉಳಿದವರು ಬಡಿಸಬೇಕು. ಉಂಡು ಮುಗಿಸುವ ತನಕ ಅವನು ಏಳಬಾರದು. ಯಾರೋ ಕೂಗಿದರೆಂದು ಅಭ್ಯಾಸಬಲದಿಂದ ಎದ್ದನೋ, ಇವನಿನ್ನೂ ಸಪ್ಲೈಯರೇ ಎಂದು ತೀರ್ಮಾನ. ಮರುದಿನವೂ ದುಡಿದೇ ಹೋಗಬೇಕು. ಈ ಪದ್ಧತಿ ತಂದವನೇ ತಿಪ್ಪೇಶಪ್ಪ. ಎಷ್ಟೋ ಜನರನ್ನು ಕೂಗಿ ಎಬ್ಬಿಸಿ ಹೊಟ್ಟೆ ಹಿಡಿದು ನಕ್ಕಿದ್ದ. ತನಗೊಂದು ವಿನಾಯಿತಿ ಕೇಳಲು ಯಾವ ಮುಖ?

ಅವನ ಕೈಕೆಳಗೆ ಹನ್ನೊಂದು ವರ್ಷ ದುಡಿದ ಕೆರೆಬಿಳಚಿಯ ಕೆಂಚೇಶ್ ಟೇಬಲ್ ಒರೆಸಿ ಕೈಕಟ್ಟಿ ನಿಂತ.

“ಏನ್ ಕೊಡ್ಲಿ ಸಾಹೇಬ್ರೇ?”

“ರೊಟ್ಟಿ ಐತಾ?”

“ಐತ್ರಿ. ಸಪ್ಲೈಯರ್ ಒಂಚೂರು ನಿಧಾನ. ಜಗಳೂರು ಕಡೇರು, ಕೂಗಿದ್ರೇನೇ ಬರಾದು.”

ಎಲ್ಲರೂ ನಕ್ಕರು. ಕೌಂಟರಿನಿಂದ ಮಾಲೀಕ ಸತೀಶ್ ಕುಮಾರ್ ಥಟ್ಟನೆ ಕೂಗಿದರು: “ತಿಪ್ಪೇಶಪ್ಪಾ, ಎರಡನೇ ಟೇಬಲ್ಲಿಗೆ ಸೋಡಾ!”

ತಿಪ್ಪೇಶಪ್ಪನ ಹಿಮ್ಮಡಿ ಮೇಲೆದ್ದಿತು. ಟೇಬಲ್ಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. “ನೀವೇ ಕೊಡ್ರಿ ಅಣ್ಣಾರೇ, ಕೂತು ಕೂತು ಹೊಟ್ಟೆ ಬಂದೈತೆ.”

ಅಡುಗೆಮನೆಯಲ್ಲಿ ಬೇಕೆಂದೇ ತಟ್ಟೆ ಬೀಳಿಸಿದರು. ಅವನು ರೊಟ್ಟಿ ಮುರಿದ.

ಅಷ್ಟರಲ್ಲಿ ನಿಜವಾದ ಗಿರಾಕಿಯೇ ಬಂದರು. ನ್ಯಾಮತಿಯ ಶಿವಮೂರ್ತಪ್ಪ, ಎಪ್ಪತ್ತು ದಾಟಿದವರು, ವಾರಕ್ಕೊಮ್ಮೆ ಬಂದು ಕಿಟಕಿಯ ಮೂಲೆಯಲ್ಲಿ ಕೂರುವವರು. ಬಾಯಿ ಬಿಟ್ಟು ಏನನ್ನೂ ಕೇಳಿದವರಲ್ಲ. ಕೆಂಚೇಶ್ ಅವರ ಮುಂದೆ ಅವರ ನೈಂಟಿ ಬಾಟಲಿ, ಫ್ರಿಜ್ಜಿನ ನೀರು, ಹುರಿದ ಶೇಂಗಾ ಇಟ್ಟು ಬಂದ. ಮುದುಕರು ಒಂದು ಗುಟುಕು ನೀರು ಕುಡಿದು ಕೆನ್ನೆ ಹಿಡಿದುಕೊಂಡರು. ಶೇಂಗಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬಾಟಲಿ ಮುಟ್ಟದೆ, ಹೊರಡುವವರಂತೆ ಮೆಲ್ಲಗೆ ಕೊಡೆ ಕೈಗೆ ತೆಗೆದುಕೊಂಡರು.

ತಿಪ್ಪೇಶಪ್ಪನ ಸೊಂಟ ಕುರ್ಚಿಯಿಂದ ಎರಡು ಬೆರಳು ಮೇಲೆದ್ದಿತು. ಎಲ್ಲರೂ ಅವನತ್ತ ತಿರುಗಿದರು. ಇದು ಯಾರೂ ಕೂಗಿದ್ದಲ್ಲ, ಆಟವೂ ಅಲ್ಲ. ಎರಡು ಹೆಜ್ಜೆ ಹೋದರೆ ಮುದುಕರು ಉಳಿಯುತ್ತಾರೆ, ಬಸ್ಸು ಹೋಗುತ್ತದೆ. ಮೂಕಮ್ಮ ಮತ್ತೆ ಕರೆಯುವುದಿಲ್ಲ.

ಅವನು ಕುಸಿದು ಕೂತ. “ಕೆಂಚೇಶಾ, ಬಾ ಇಲ್ಲಿ.”

“ಏನಣ್ಣಾ?”

“ಫ್ರಿಜ್ಜಿನ ನೀರು ತಗಿ. ಅವರಿಗೆ ಹಲ್ಲು ಜುಮ್ ಅಂತೈತೆ, ಮಣ್ಣಿನ ಕೊಡದ ನೀರು ಕೊಡು. ಶೇಂಗಾ ಅಗಿಯಾಕೆ ಆಗಲ್ಲ, ಮೆತ್ತಗೆ ಒಂದು ಆಮ್ಲೆಟ್ ಹೇಳು, ಮೆಣಸಿನಕಾಯಿ ಬ್ಯಾಡ. ಆಮ್ಯಾಲೆ ನ್ಯಾಮತಿ ಕಡೆ ಮಳೆ ಹೆಂಗೈತ್ರಿ ಅಂತ ಕೇಳು. ಕೇಳಿ ಓಡಿ ಬರಬ್ಯಾಡ, ನಿಂತು ಕೇಳಿಸ್ಕ.”

ಕೆಂಚೇಶ್ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. “ಹನ್ನೊಂದು ವರ್ಷ ಬಿಟ್ಟು ಇವತ್ತು ಹೇಳ್ತೀಯಲ್ಲಣ್ಣ!”

“ಅವತ್ತೇ ಹೇಳಿದ್ರೆ ನನ್ನ ಯಾರು ಕೇಳ್ತಿದ್ರು? ಹೋಗು, ಎದ್ದೇಬಿಡ್ತಾರೆ.”

ಕೊಡದ ನೀರು ಬಂತು. ಶಿವಮೂರ್ತಪ್ಪ ಕೊಡೆಯನ್ನು ಮತ್ತೆ ಕಿಟಕಿಗೆ ತೂಗುಹಾಕಿ ಮಳೆಯ ವಿಚಾರ ಶುರುಮಾಡಿದರು. ಎಷ್ಟೋ ಹೊತ್ತಿನ ಮೇಲೆ ಅವರ ಕಣ್ಣು ಇತ್ತ ಬಿತ್ತು. “ಏನಪಾ ತಿಪ್ಪೇಶಿ, ಕುಂತ್ಬಿಟ್ಟೀಯಲ್ಲ?”

“ಊರಿಗೆ ಹೊಂಟೀನ್ರಿ. ಇನ್ಮ್ಯಾಲೆ ಏನಿದ್ರೂ ಕೆಂಚೇಶನ್ನ ಕೇಳ್ರಿ.”

ಅಷ್ಟು ಹೇಳಿ ಉಳಿದ ರೊಟ್ಟಿ ಮುರಿದ. ನೀರು ಕುಡಿದ. ತಟ್ಟೆ ಖಾಲಿ ಮಾಡಿದ. ಆಮೇಲೆ ತಾನಾಗಿ ಎದ್ದು ಕೈ ತೊಳೆದ. ಸತೀಶ್ ಕುಮಾರ್ ಕೌಂಟರ್ ಬಿಟ್ಟು ಬಂದು ಟವೆಲ್ ಹಿಡಿದರು.

ಬಸ್ ಸ್ಟ್ಯಾಂಡಿಗೆ ಚೀಲ ಹೊತ್ತವನು ಕೆಂಚೇಶ್. ದಾರಿಯುದ್ದಕ್ಕೂ ಒಬ್ಬೊಬ್ಬ ಗಿರಾಕಿಯ ಬಗ್ಗೆ ಪ್ರಶ್ನೆಯ ಮೇಲೆ ಪ್ರಶ್ನೆ. ತಿಪ್ಪೇಶಪ್ಪ ಬಸ್ಸು ಹತ್ತಿ, ಮೂಕಮ್ಮನಿಗೆ “ಹತ್ತೀನಿ ಕಣೇ” ಎಂದು ಫೋನ್ ಮಾಡಿ ಕಿಟಕಿ ಸರಿಸಿದರೆ, ಕೆಂಚೇಶ್ ಕೆಳಗೆ ನಿಂತೇ ಇದ್ದ.

“ಚನ್ನಗಿರಿ ಮೇಷ್ಟ್ರು?”

“ಮೊದ್ಲು ಚಾ ಕೇಳ್ತಾರೆ. ನಗಬ್ಯಾಡ, ತರಿಸಿಕೊಡು.”

“ಅಡಿಕೆ ಮಂಡಿ ರಘುನಾಥ?”

ಬಸ್ಸು ಹೊರಟಿತು. ತಿಪ್ಪೇಶಪ್ಪ ತಲೆ ಹೊರಗೆ ಹಾಕಿ ಕೂಗಿದ: “ಅವನದು ನಂಗೂ ತಿಳೀಲಿಲ್ಲಪಾ! ನಿಂಗೆ ಗೊತ್ತಾದ್ರೆ ಫೋನ್ ಮಾಡಿ ಹೇಳು!”