ಕಾಕುವಿನ ಸೋಮವಾರ

ಕಾಕುವಿನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಸಣ್ಣವರಿದ್ದಾಗ ಬೀಸುವ ಕಲ್ಲಿನ ಕೆಳಗೆ ಸಿಕ್ಕಿ ಹೋದದ್ದು ಮತ್ತೆ ಬೆಳೆಯಲೇ ಇಲ್ಲವಂತೆ. ನುಣ್ಣಗೆ, ತುಸು ಚಪ್ಪಟೆಯಾಗಿದ್ದ ಆ ಬೆರಳಿನಿಂದಲೇ ನನ್ನ ಮಗಳ ಹಣೆಗೆ ವಿಭೂತಿ ಹಚ್ಚುತ್ತಿದ್ದರು, ಅದರಿಂದಲೇ ಜೋಳದ ಹಿಟ್ಟು ಹದವಾಯಿತೋ ಇಲ್ಲವೋ ಎಂದು ಒತ್ತಿ ನೋಡುತ್ತಿದ್ದರು. ಸಕ್ಕರೆ ಕಾಯಿಲೆ ಬಂದ ಮೇಲೆ ಲ್ಯಾಬಿನವರ ಮುಂದೆಯೂ ಅದನ್ನೇ ಚಾಚುವುದು. ಇದಕ್ಕೇ ಚುಚ್ಚಿರಿ, ಇದು ಯಾವತ್ತೋ ಸತ್ತ ಬೆರಳು, ನೋವಾಗುವುದಿಲ್ಲ ಎಂದು ತಮ್ಮ ಕಲಬೆರಕೆ ತೆಲುಗಿನಲ್ಲಿ ಹೇಳಿ ನಗುತ್ತಿದ್ದರು. ನೋವಾಗುತ್ತಿತ್ತು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆನಲ್ಲ, ಮುಖ ನೋಡಿದರೆ ತಿಳಿಯುತ್ತಿತ್ತು.

ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ಅವರು ಕೆಳಗಿನ ಮನೆಯ ಮಾಲಕರು, ನಾವು ಮಹಡಿಯ ಬಾಡಿಗೆದಾರರು. ಅವರ ಗಂಡ, ನಮ್ಮ ಕಾಕಾ, ರೈಲ್ವೆಯಲ್ಲಿ ಗಾರ್ಡ್. ಮನೆಯಲ್ಲಿದ್ದ ದಿನಕ್ಕಿಂತ ಗಾಡಿಯಲ್ಲಿದ್ದ ದಿನವೇ ಹೆಚ್ಚು, ಮನೆಯಲ್ಲಿದ್ದಾಗಲೂ ಮಾತು ಕಡಿಮೆ. ಅವರು ಬಾಗಲಕೋಟೆ ಕಡೆಯವರು, ನಾವು ಕಲಬುರಗಿಯವರು, ರಕ್ತಸಂಬಂಧ ಏನೂ ಇಲ್ಲ. ಬಂದ ಮೊದಲ ದಿನವೇ ನಾನು ನಲ್ಲಿ ನೀರಿನ ವಿಷಯಕ್ಕೆ ಜಗಳ ತೆಗೆದೆ. ಕಾಕು ಎಲ್ಲ ಕೇಳಿಸಿಕೊಂಡು, ಹಸಿದ ಹೊಟ್ಟೆಯಲ್ಲಿ ಜಗಳ ಆಡಬಾರದು, ಮೊದಲು ಉಣ್ಣು ಬಾ ಎಂದು ಒಳಗೆ ಕರೆದು ಬಡಿಸಿದರು. ನನ್ನ ಬಾಯಿ ಜೋರು, ಅದು ನನಗೂ ಗೊತ್ತು. ಆ ಬಾಯಿಗೆ ಹೆದರದೆ, ಬೇಜಾರನ್ನೂ ಮಾಡಿಕೊಳ್ಳದೆ ಇದ್ದವರು ಇಡೀ ಓಣಿಯಲ್ಲಿ ಅವರೊಬ್ಬರೇ.

ನನ್ನ ಮಗಳು ಏಳು ತಿಂಗಳಿಗೇ ಹುಟ್ಟಿದವಳು. ಗಾಜಿನ ಪೆಟ್ಟಿಗೆಯೊಳಗೆ ಒಂದು ಅಂಗೈಯಗಲದ ಜೀವ. ಉಳಿಯುತ್ತದೆ ಎಂದು ಯಾವ ಡಾಕ್ಟರೂ ಬಾಯಿಬಿಟ್ಟು ಹೇಳಲೊಲ್ಲರು. ಆಗ ಕಾಕು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಶ್ರೀಶೈಲದ ಮಲ್ಲಯ್ಯನಿಗೆ ಹರಕೆ ಹೊತ್ತರು. ಕೂಸು ಬದುಕಿ ಮನೆಗೆ ಬಂದರೆ ತಾವು ಜೀವ ಇರುವತನಕ ಸೋಮವಾರ ಉಪವಾಸ. ಕೂಸು ಬದುಕಿತು, ಮನೆಗೆ ಬಂತು, ಇವತ್ತು ನನ್ನ ಭುಜದೆತ್ತರ ಬೆಳೆದಿದೆ. ಕಾಕು ತಮ್ಮ ಮಾತು ನಡೆಸಿದರು. ಜ್ವರ ಬರಲಿ, ಮನೆಯಲ್ಲಿ ಮದುವೆಯೇ ಇರಲಿ, ಸೋಮವಾರ ರೊಟ್ಟಿ, ಅನ್ನ ಮುಟ್ಟಿದ್ದನ್ನು ನಾನು ನೋಡಿದ್ದಿಲ್ಲ. ಮಗಳು ಅವರನ್ನು ಆಯಿ ಎನ್ನುತ್ತಿದ್ದಳು, ಅವರಿಗೆ ಅವಳು ಹೈಸ್ಕೂಲಿಗೆ ಹೋದರೂ ಕೂಸೇ.

ಕಾಲಿನ ಗಾಯವೊಂದು ಎಷ್ಟು ದಿನವಾದರೂ ಮಾಯದಿದ್ದಾಗ ನಾನೇ ಎಳೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಸಕ್ಕರೆ ಏರಿತ್ತು. ಸ್ಟೇಷನ್ ಹತ್ತಿರದ ದವಾಖಾನೆಯ ಡಾಕ್ಟರು ಒಂದು ಗುಳಿಗೆ ಬರೆದುಕೊಟ್ಟು, ಇದನ್ನು ಒಂದು ದಿನವೂ ತಪ್ಪಿಸಬೇಡಿ, ಆದರೆ ಅರ್ಧ ಔಷಧ ನಿಮ್ಮ ತಾಟಿನಲ್ಲೇ ಇದೆ ಎಂದರು. ಆ ಮಾತನ್ನು ಕಾಕು ಹಿಡಿದುಕೊಂಡ ಪರಿ ನೋಡಬೇಕಿತ್ತು. ಉಸ್ಮಾನಿಯಾ ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ತಿನ್ನುವುದು ಅವರ ಒಂದೇ ಒಂದು ಚಟ, ಅದು ಹೋಯಿತು. ಅನ್ನ ಹೋಯಿತು. ರೊಟ್ಟಿ ಎರಡಕ್ಕೆ ಇಳಿಯಿತು, ಅದರ ಜೊತೆ ಮೆಂತ್ಯ, ಪುಂಡಿಪಲ್ಯ, ಮೊಳಕೆ ಬಂದ ಹೆಸರು ತಾಟಿನ ತುಂಬ. ಕಾಕಾ ಕೂಡ ಚಕಾರ ಎತ್ತದೆ ಅದನ್ನೇ ಉಂಡರು. ಮದುವೆ ಮನೆಯಲ್ಲಿ ಯಾರಾದರೂ ಹೋಳಿಗೆ ಹಾಕಲು ಬಗ್ಗಿದರೆ ಕಾಕು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ನಂದು ಸಕ್ಕರಿ ಐತ್ರಿ ಎಂದು ದೊಡ್ಡ ಹುದ್ದೆ ಸಿಕ್ಕವರ ಹಾಗೆ ಹೇಳುತ್ತಿದ್ದರು. ನಾನು ನಕ್ಕಿದ್ದೇ ನಕ್ಕಿದ್ದು.

ಇಷ್ಟಾದರೂ ಸಕ್ಕರೆ ಇಳಿಯಲಿಲ್ಲ. ಪ್ರತಿ ಸಲವೂ ಅದೇ ಹಣೆಬರಹ. ನಾವು ಹೋಗುತ್ತಿದ್ದದ್ದು ಮಂಗಳವಾರ ಬೆಳಿಗ್ಗೆ, ನನ್ನ ಬೇಗಂಪೇಟೆಯ ಆಫೀಸಿಗೆ ಅವತ್ತು ತಡವಾಗಿ ಹೋದರೂ ನಡೆಯುತ್ತಿತ್ತು. ಒಂದು ಮಂಗಳವಾರ ಡಾಕ್ಟರು ಬೇಸತ್ತು, ನಿನ್ನೆ ಏನೇನು ತಿಂದಿರಿ, ಒಂದೂ ಬಿಡದೆ ಹೇಳಿ ಎಂದರು. ಏನೂ ತಿಂದಿಲ್ಲ, ನಿನ್ನೆ ಉಪವಾಸ ಎಂದರು ಕಾಕು, ಹೆಮ್ಮೆಯಿಂದ. ನಾನೂ ಹೌದೆಂದು ತಲೆಯಾಡಿಸಿದೆ. ಬೆಳಗಿನಿಂದ ಸಂಜೆತನಕ ಬರೇ ನೀರೇ ಎಂದು ಡಾಕ್ಟರು ಮತ್ತೆ ಕೇಳಿದರು. ಛೇ, ಫಳಾರ ಇತ್ತಲ್ಲ ಎಂದರು ಕಾಕು. ಸಾಬೂದಾಣಿ ಖಿಚಡಿ, ಬೇಯಿಸಿದ ಗೆಣಸು, ನಾಲ್ಕು ಖಜೂರಿ, ಬಾಳೆಹಣ್ಣು, ಮಲಗುವಾಗ ಸಕ್ಕರೆ ಹಾಕಿದ ಹಾಲು. ಉಪವಾಸದ ದಿನ ಸಕ್ಕರೆ ನಡೆಯುತ್ತದೆ, ಅದಕ್ಕೆ ಮುಸುರೆಯಿಲ್ಲ. ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಫಳಾರ ಎಂಬುದು ತಿನ್ನುವುದರ ಲೆಕ್ಕಕ್ಕೇ ಬಂದದ್ದಲ್ಲ. ಲೆಕ್ಕ ಬರೆಯುವುದೇ ಕೆಲಸವಾಗಿರುವ ನನಗೂ ಅದು ಹೊಳೆದಿರಲಿಲ್ಲ ನೋಡಿ. ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. "ಅಮ್ಮಾ, ಇದಿ ಉಪವಾಸಂ ಕಾದು, ಪೆಳ್ಳಿ ಭೋಜನಂ" ಎಂದರು. ಇದು ಉಪವಾಸವಲ್ಲ, ಮದುವೆಯ ಊಟ ಅಂತ. ಒಳ್ಳೆಯ ಮನುಷ್ಯ, ತಮಾಷೆಗೆ ಅಂದದ್ದು. ಸೋಮವಾರವೂ ಉಳಿದ ದಿನದಂತೆ ರೊಟ್ಟಿ ಪಲ್ಯ ತಿಂದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳಿ ಕಳಿಸಿದರು.

ಗೇಟಿನ ಹತ್ತಿರ ಆಟೋದಿಂದ ಇಳಿದ ಮೇಲೆ ಕಾಕು ನನ್ನ ಕೈ ಹಿಡಿದು ನಿಲ್ಲಿಸಿದರು.

"ಹಂಗಾರ ಇಷ್ಟು ವರ್ಷ ನಾ ಉಂಡು ಉಪವಾಸ ಮಾಡೀನಿ ಅಂದಂಗಾತು?"

ಮಲ್ಲಯ್ಯ ಸಾಬೂದಾಣಿಯನ್ನೆಲ್ಲ ಎಣಿಸುತ್ತ ಕೂಡುವುದಿಲ್ಲ ಎಂದೆ.

"ಮಲ್ಲಯ್ಯ ಎಣಿಸ್ಲಿಕ್ಕಿಲ್ಲವ್ವಾ. ಸಕ್ಕರಿ ಎಣಿಸೈತಲ್ಲ. ಇಷ್ಟು ದಿನ ನಾ ಕೊಟ್ಟಿದ್ದು ಖೊಟ್ಟಿ ರೊಕ್ಕ ಆತು. ಅವ ಕೂಸಿನ್ನ ತಿರುಗಿ ಕೇಳಿದ್ರ ಏನ್ ಮಾಡ್ಲಿ?"

ನನಗೆ ಮೈಯೆಲ್ಲ ಉರಿದುಹೋಯಿತು. ನಿಮ್ಮ ಮಲ್ಲಯ್ಯನೇನು ಕಿರಾಣಿ ಅಂಗಡಿಯವನೇ, ತೂಕ ಕಮ್ಮಿ ಬಂತೆಂದು ಮಾಲು ವಾಪಸು ಕೇಳುವುದಕ್ಕೆ ಎಂದು ಗೇಟಿನಲ್ಲೇ ಕೂಗಾಡಿದೆ. ಅವರು ಒಳಗೆ ಹೋದರು. ಅವರ ಕಣ್ಣಲ್ಲಿ ಇದ್ದದ್ದು ಭಕ್ತಿಯಲ್ಲ, ಹೆದರಿಕೆ. ಕೂಸು ಶಾಲೆಯಿಂದ ಬರುವುದು ತುಸು ತಡವಾದರೂ ಅವತ್ತಿನಿಂದ ಗೇಟಿಗೆ ಬಂದು ನಿಲ್ಲತೊಡಗಿದರು.

ಮುಂದಿನ ಸೋಮವಾರದಿಂದ ಫಳಾರ ನಿಂತಿತು. ಅದರ ಜಾಗಕ್ಕೆ ರೊಟ್ಟಿ ಬರಲಿಲ್ಲ, ಬರೇ ನೀರು. ಗುಳಿಗೆಯನ್ನು ಮಾತ್ರ ಬೆಳಿಗ್ಗೆ ತಪ್ಪದೆ ನುಂಗುವುದು, ಡಾಕ್ಟರು ಒಂದು ದಿನವೂ ಬಿಡಬೇಡಿ ಅಂದಿದ್ದರಲ್ಲ! ಹಸಿದ ಹೊಟ್ಟೆಯಲ್ಲಿ ಆ ಗುಳಿಗೆ ಇದ್ದಬದ್ದ ಸಕ್ಕರೆಯನ್ನೂ ಇಳಿಸಿಬಿಡುತ್ತದೆ ಎಂಬುದು ನಮಗೆ ತಿಳಿದದ್ದು ಅವರು ಬಿದ್ದ ಮೇಲೆ. ಅವತ್ತು ಮಗಳಿಗೆ ಪರೀಕ್ಷೆಯ ರಜೆ. ಕೆಳಗೆ ಹೋಗಿ ನೋಡಿದರೆ ಆಯಿ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಾರೆ, ಸೀರೆಯೆಲ್ಲ ಬೆವರಿನಿಂದ ಒದ್ದೆ, ಕೈ ಗಡಗಡ ನಡುಗುತ್ತಿದೆ. ಶಾಲೆಯ ಪುಸ್ತಕದಲ್ಲಿ ಓದಿದ್ದ ನೆನಪಿನಿಂದ ಹುಡುಗಿ ಚಮಚೆಯಲ್ಲಿ ಸಕ್ಕರೆ ತಂದು ಬಾಯಿಗೆ ಹಿಡಿದಳು. ಕಾಕು ಹಲ್ಲು ಕಚ್ಚಿ ಮುಖ ತಿರುಗಿಸಿದರಂತೆ. ಅರ್ಧ ಎಚ್ಚರವಿರಲಿಲ್ಲ, ಆದರೂ ಸೋಮವಾರ ಎಂಬುದು ಎಚ್ಚರವಿತ್ತು. ಮಗಳು ಅಳುತ್ತ ಬೀದಿಗೆ ಓಡಿ ಜನ ಕರೆದಳು. ದವಾಖಾನೆಯಲ್ಲಿ ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟವರು ನನ್ನನ್ನು ಮೊದಲು ಕೇಳಿದ್ದು, "ಬಾಯಿಲೆ ಹೋಗಿಲ್ಲಲ್ಲ?" ಎಂದು. ಇಲ್ಲ, ಕೈಯಿಂದ ಹೋಗಿದೆ ಎಂದೆ. ಹಂಗಾರೆ ನಡೆಯುತ್ತದೆ ಎಂದು ಮತ್ತೆ ಕಣ್ಣು ಮುಚ್ಚಿದರು.

ಡಾಕ್ಟರು ಬೈದರು, ನಾನು ಬೈದೆ. ಕಾಕಾ ಹಾಸಿಗೆಯ ಪಕ್ಕ ನಿಂತು ಇನ್ನು ಸಾಕು ಮಾಡು ಎಂದರು, ಅಷ್ಟೇ ಅವರ ಕೈಲಾದದ್ದು. ಕೊನೆಗೆ ಮಗಳು ಅವರ ತೊಡೆಯ ಮೇಲೆ ತಲೆಯಿಟ್ಟು ಏಳಲೇ ಇಲ್ಲ. ಆಗ ಒಪ್ಪಿದರು. ಸೋಮವಾರ ಗುಳಿಗೆ ಬೇಡ, ದಿನವಿಡೀ ಸ್ವಲ್ಪ ಸ್ವಲ್ಪ ಮಜ್ಜಿಗೆ ಕುಡಿಯುವುದು. ಕೆಲವು ವಾರ ಹಾಗೆಯೇ ನಡೆಯಿತು. ಗಾಯ ಮಾಯುತ್ತ ಬಂತು, ಸಕ್ಕರೆಯೂ ಇಳಿಯಿತು. ನಾನು ಗೆದ್ದೆ ಅಂದುಕೊಂಡೆ.

ಅಷ್ಟರಲ್ಲಿ ಶ್ರಾವಣ ಬಂತು. ಆ ಸೋಮವಾರ ಬೆಳಿಗ್ಗೆ ಮೆಟ್ಟಿಲು ಇಳಿಯುತ್ತ ಮಜ್ಜಿಗೆ ಕುಡಿದಿರಾ ಎಂದು ಕೇಳಿದೆ. "ಕುಡೀತೀನಿ ಹೋಗವ್ವಾ, ನಿನ್ನ ಗಾಡಿ ತಪ್ಪತೈತಿ" ಎಂದರು, ಜಗಲಿ ಒರೆಸುತ್ತ. ಕಾಕಾ ಕಾಜೀಪೇಟೆ ಕಡೆ ಡ್ಯೂಟಿಯಲ್ಲಿದ್ದರು, ಮಗಳು ಶಾಲೆಗೆ ಹೋಗಿದ್ದಳು. ಸಂಜೆ ಅವಳೇ ಮೊದಲು ಬಂದು ಬಾಗಿಲು ಬಡಿದಳು. ಒಳಗೆ ಕಾಕು ಎಚ್ಚರ ತಪ್ಪಿ ಬಿದ್ದಿದ್ದರು. ಮಜ್ಜಿಗೆ ಮಾಡಿಟ್ಟಿದ್ದರು, ಚರಿಗೆಯ ಮೇಲೆ ಮುಚ್ಚಿದ ತಾಟು ಹಾಗೇ ಇತ್ತು. ಗುಳಿಗೆ ಮಾತ್ರ ನುಂಗಿದ್ದರು, ರೂಢಿಯಿಂದಲೋ ಏನೋ. ಶ್ರಾವಣದ ಸೋಮವಾರ ಮಜ್ಜಿಗೆಯನ್ನೂ ಊಟ ಎಂದು ಎಣಿಸಿದರೆಂದು ಕಾಣುತ್ತದೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣಿಗೆ ಬಂದ ಹೆಂಗಸರು ಪುಣ್ಯವಂತಿ, ಶ್ರಾವಣ ಸೋಮವಾರ ಹೋದಳು ಎಂದರು. ಅವರ ಬಾಯಿ ಮುಚ್ಚಿಸಬೇಕು ಅನ್ನಿಸಿತು. ಎಂಥ ಪುಣ್ಯ? ಕೂತು ಎರಡು ರೊಟ್ಟಿ ಉಂಡಿದ್ದರೆ ಇನ್ನೂ ಎಷ್ಟೋ ವರ್ಷ ಇರುತ್ತಿದ್ದ ಜೀವ ಅದು. ನನಗೆ ಕಾಕುವಿನ ಮೇಲೆ ಈಗಲೂ ಸಿಟ್ಟಿದೆ. ಆದರೆ ಗಾಜಿನ ಪೆಟ್ಟಿಗೆಯ ಮುಂದೆ ನಾನು ಕಲ್ಲಾಗಿ ನಿಂತಿದ್ದಾಗ ಆ ಕೂಸು ಉಳಿಯುತ್ತದೆ ಎಂದು ನಂಬಿದ್ದವರು ಜಗತ್ತಿನಲ್ಲಿ ಅವರೊಬ್ಬರೇ. ಆ ಋಣಕ್ಕೆ ನನ್ನ ಸಿಟ್ಟು ಏನು ಮಾಡೀತು?

ಈಗ ಕಾಕಾ ನಮ್ಮಲ್ಲೇ ಉಣ್ಣುತ್ತಾರೆ. ದಿನಕರ್ಮ ಎಲ್ಲ ಮುಗಿದ ಮೇಲಿನ ಮೊದಲ ಸೋಮವಾರ ಮಗಳು ತಾಟಿನ ಮುಂದೆ ಕೂತಳು, ಕೈ ಹಚ್ಚಲಿಲ್ಲ. ಹೊಟ್ಟೆ ನೋಯುತ್ತದೆಯೇ ಎಂದು ಕೇಳಿದೆ. ತಲೆ ತಗ್ಗಿಸಿ ಹೇಳಿದಳು, "ಇನ್ನ ಸೋಮವಾರ ನಾ ಮಾಡ್ತೀನಿ. ಆಯಿದು ಅರ್ಧಕ್ಕ ನಿಂತೈತಲ್ಲ."

ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಕಾಕಾ ತಮ್ಮ ತಾಟು ಪಕ್ಕಕ್ಕೆ ಸರಿಸಿ, ಅವಳ ರೊಟ್ಟಿ ಮುರಿದು, ಪಲ್ಯ ಹಚ್ಚಿ, ತುತ್ತನ್ನು ಅವಳ ಮುಂದೆ ಹಿಡಿದರು.

"ನಿನ್ನ ಪಾಲಿನ ಉಪವಾಸ ಎಲ್ಲಾ ಆಕಿ ಮಾಡಿ ಹೋಗ್ಯಾಳವ್ವಾ. ನಿನಗಂತ ಒಂದೂ ಉಳಿಸಿಲ್ಲ. ನೀ ಉಣ್ಣು."

ಹುಡುಗಿ ಅಳುತ್ತಲೇ ಬಾಯಿ ತೆರೆದಳು. ಒಂದು ರೊಟ್ಟಿ ಮುಗಿಸಿ ಇನ್ನೊಂದು ಕೇಳಿದಳು. ಹಾಕಿದೆ.