ಪಿತೃಸ್ಥಾನದಲ್ಲಿ ಹತ್ತು ನಿಮಿಷ

ಪಂಢರಿನಾಥರಾಯರು ಬಚ್ಚಲಿಗೆ ಚಿಲಕ ಹಾಕಿಕೊಂಡು, ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಇನ್ಸುಲಿನ್ ಚುಚ್ಚಿಕೊಂಡಾಗ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಕೈಗಡಿಯಾರ ನೋಡಿಯೇ ಚುಚ್ಚಿಕೊಂಡರು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಬೆರಳೆತ್ತಿ ಹೇಳಿದ್ದು ಒಂದೇ ಮಾತು: ಸೂಜಿ ಹಾಕಿಕೊಂಡ ಅರ್ಧ ಗಂಟೆಯೊಳಗೆ ಊಟ ಬೀಳಬೇಕು. ಬೀಳದಿದ್ದರೆ ನೀವು ಬೀಳುತ್ತೀರಿ.

ನಿಮಿಷದ ಲೆಕ್ಕ ರಾಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ತ್ರಿಪ್ಲಿಕೇನಿನ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಪಂಚಾಂಗಕ್ಕೆ ಅಚ್ಚುಮೊಳೆ ಜೋಡಿಸಿದವರು. ತಿಥಿ ಇಷ್ಟು ಘಳಿಗೆ, ಇಷ್ಟು ವಿಘಳಿಗೆ. ಒಂದು ಅಂಕಿ ತಪ್ಪಿದರೆ ಊರೆಲ್ಲ ಏಕಾದಶಿ ತಪ್ಪುತ್ತಿತ್ತು. ಕಂಪ್ಯೂಟರ್ ಬಂತು, ಪ್ರೆಸ್ಸು ಮುಚ್ಚಿತು. ಐವತ್ತೈದನೆಯ ವಯಸ್ಸಿಗೆ ರಾಯರು ಬ್ರಾಹ್ಮಣಾರ್ಥಕ್ಕೆ ಹೊರಟರು, ಅಂದರೆ ಕಂಡವರ ಮನೆಯ ಶ್ರಾದ್ಧದಲ್ಲಿ ಸತ್ತವರ ಜಾಗದಲ್ಲಿ ಕೂತು ಉಣ್ಣುವ ಕೆಲಸ. ಆವತ್ತು ಕಾಲು ತೊಳೆದು ಅಡ್ಡ ಬೀಳುತ್ತಾರೆ. ಮಾರನೆಯ ದಿನ ಅದೇ ಜನ ಬಸ್ಸಿನಲ್ಲಿ ಸಿಕ್ಕರೆ ಕಿಟಕಿಯಾಚೆ ನೋಡುತ್ತಾರೆ.

ಸಕ್ಕರೆ ಕಾಯಿಲೆಯ ಸಂಗತಿಯನ್ನು ಅವರು ಪುರೋಹಿತ ಸತ್ಯಾತ್ಮಾಚಾರ್ಯರಿಂದ ಮುಚ್ಚಿಟ್ಟಿದ್ದರು. ಕಾಯಿಲೆಯವನನ್ನು ಯಾರು ಮಣೆಯ ಮೇಲೆ ಕೂರಿಸುತ್ತಾರೆ? ಔಷಧಿಯ ಸೀಸೆ ತಣ್ಣೀರಿನ ಫ್ಲಾಸ್ಕಿನಲ್ಲಿ, ಸೂಜಿ ಮಡಿಪಂಚೆಯ ಗಂಟಿನಲ್ಲಿ. ಕಾಲು ತೊಳೆಸಿಕೊಂಡು ಕೂತ ಮೇಲೆ ಏಳುವ ಹಾಗಿಲ್ಲ. ಆದ್ದರಿಂದ ಶ್ರಾದ್ಧ ಮಾಡುವ ಯಜಮಾನ ಕಾಲು ತೊಳೆಯಲು ಬರುವ ಸ್ವಲ್ಪ ಮೊದಲೇ ಕದ್ದು ಚುಚ್ಚಿಕೊಳ್ಳಬೇಕು, ಮೇಲೆ ಎರಡು ಚೊಂಬು ನೀರು ಸುರಿದುಕೊಳ್ಳಬೇಕು.

ಇದು ಎರಡು ಸಾವಿರದ ಎರಡನೆಯ ಇಸವಿಯ ಪಿತೃಗಳ ಪಕ್ಷಮಾಸ, ಪಶ್ಚಿಮ ಮಾಂಬಲದ ಎರಡನೇ ಮಹಡಿಯ ಫ್ಲ್ಯಾಟು. ತೀರಿಕೊಂಡವರು ಭೋಜರಾಜರಾಯರು. ಶ್ರಾದ್ಧ ಮಾಡಬೇಕಾದ ಮಗ ಕೌಶಿಕ್ ಮೌಂಟ್ ರೋಡಿನ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯವನು, ಬೆಳಿಗ್ಗೆ ‘ಒಂದು ಚಿಕ್ಕ ಮೀಟಿಂಗ್’ ಎಂದು ಹೋದವನು ಬಂದಿರಲಿಲ್ಲ. ಸೂಜಿಗೆ ಮೊದಲು ರಾಯರು ಅವನ ಹೆಂಡತಿ ಶ್ರೀಪ್ರಿಯಾಳನ್ನು ಕೇಳಿದ್ದರು.

“ಹೊರಟರಾ ಅಮ್ಮಾ?”

“ಆಮಾ ಮಾಮಾ, ಈಗತಾನೇ ಫೋನ್ ಮಾಡಿದ್ರು. ಜಸ್ಟ್ ಟೆನ್ ಮಿನಿಟ್ಸ್.”

“ಹತ್ತೇ ನಿಮಿಷಾನಾ?”

“ಜಾಸ್ತಿ ಅಂದ್ರೆ ಹತ್ತು.”

ಹೋಮವಿಲ್ಲದ ಸಂಕಲ್ಪ ಶ್ರಾದ್ಧ, ಕಾಲು ಗಂಟೆಯಲ್ಲಿ ಎಲೆ ಹಾಕಿಸುತ್ತೇನೆ ಎಂದಿದ್ದರು ಆಚಾರ್ಯರು. ಹತ್ತು, ಹದಿನೈದು, ಒಟ್ಟು ಇಪ್ಪತ್ತೈದು. ಅಚ್ಚುಮೊಳೆಯವರ ಲೆಕ್ಕ ಸರಿಯಾಗಿತ್ತು.

ಹೊರಗೆ ಬಂದು ಕೂತರು. ಪಕ್ಕದ ಮಣೆಯ ಮೇಲೆ ಮನುಷ್ಯರಿಲ್ಲ. ಪಕ್ಷಮಾಸದಲ್ಲಿ ಜನ ಸಿಗುವುದಿಲ್ಲವೆಂದು ಆಚಾರ್ಯರು ಅಲ್ಲಿ ದರ್ಭೆಯ ಕಟ್ಟೊಂದನ್ನು ಕೂರಿಸಿದ್ದರು. ಶಾಸ್ತ್ರದಲ್ಲಿ ಅದಕ್ಕೂ ದಾರಿಯುಂಟು.

ಹನ್ನೆರಡೂ ನಲವತ್ತಕ್ಕೆ ಫೋನು. “ಟ್ರಾಫಿಕ್ ಅಂತೆ ಮಾಮಾ, ಫೈವ್ ಮಿನಿಟ್ಸ್.” ಐದು ಕಳೆದು ಹತ್ತಾಯಿತು. “ಎನಿ ಮೊಮೆಂಟ್.” ಒಂದು ಗಂಟೆಗೆ ಅವಳೇ ಫೋನು ಮಾಡಿದಳು. ಈ ಸಲ ಬಾಲ್ಕನಿಗೆ ಹೋಗಿ ದನಿ ತಗ್ಗಿಸಿದಳು. ಆದರೂ ರಾಯರಿಗೆ ಕೇಳಿಸಿತು:

“ಇನ್ನೂ ಸೀಟಲ್ಲೇ ಇದ್ದೀರಾ? ನಾ ಇಲ್ಲಿ ಏನೂಂತ ಹೇಳ್ಲಿ?”

ಒಳಗೆ ಬಂದು ಅವಳು ನಕ್ಕಳು. “ಟೂ ಮಿನಿಟ್ಸ್ ಮಾಮಾ.”

ಹೊರಟೇ ಇಲ್ಲದವನ ಎರಡು ನಿಮಿಷ! ರಾಯರ ಬೆನ್ನಮೇಲೆ ಬೆವರು ಇಳಿಯತೊಡಗಿತು. ಎದೆ ಡವಗುಟ್ಟಿತು. ಗೋಡೆಯ ಗಡಿಯಾರದ ಎರಡು ಮುಳ್ಳು ನಾಲ್ಕಾದವು. ಬಾಯಿ ಬಿಟ್ಟರೆ ಮಣೆ ಹೋಯಿತು, ಇನ್ನು ಮುಂದಿನ ಮಣೆಗಳೂ ಹೋದವು. ಬಿಡದಿದ್ದರೆ ಜೀವವೇ ಹೋದೀತು. ಊಟಕ್ಕೆಂದು ಬಂದವನು ಹಸಿದು ಸತ್ತ ಎಂದರೆ ಜನ ನಗುತ್ತಾರೆ. ಆ ಹೊತ್ತಿನಲ್ಲೂ ಅವರಿಗೆ ನಾಚಿಕೆಯಾದದ್ದು ಅದಕ್ಕೇ.

“ಆಚಾರ್ರೇ, ಒಂದು ಚೂರು ಬೆಲ್ಲ ಬೇಕಿತ್ತು.”

“ಏನ್ರೀ ರಾಯರೇ, ತಮಾಷೇನಾ? ಬಾಯಿಗೆ ಏನಾದ್ರೂ ಹಾಕಿದ್ರೆ ಪಿತೃಸ್ಥಾನ ಕೆಟ್ಟುಹೋಗತ್ತೆ. ಐದು ನಿಮಿಷ ತಡ್ಕೊಳ್ಳಿ.”

ಅವರೂ ಐದು ನಿಮಿಷ ಎಂದರು!

“ಸೂಜಿ ಹಾಕ್ಕೊಂಡಿದೀನಿ, ಆಚಾರ್ರೇ. ಸಕ್ಕರೆ ಕಾಯಿಲೆ. ನಾಲ್ಕು ವರ್ಷವಾಯ್ತು.” ನಾಲಿಗೆ ತೊದಲಿತು. “ಹತ್ತೇ ನಿಮಿಷ ಅಂದ್ರು, ನಂಬಿದೆ.”

“ನಾಲ್ಕು ವರ್ಷ ನನಗೆ ಹೇಳದೆ ಮಣೆ ಮೇಲೆ ಕೂತಿರಾ!”

ಅಡುಗೆಮನೆಯ ಹೊಸ್ತಿಲಲ್ಲಿ ಭೋಜರಾಜರ ಹೆಂಡತಿ ರತ್ನಾವತಿಯಮ್ಮ ಬಂದು ನಿಂತಿದ್ದರು. ಬೆಳಗಿನಿಂದ ಮಡಿಯಲ್ಲಿ ಬೆಂದ ಮುಖ. ಅಂಗೈಯಲ್ಲಿ ಬೆಲ್ಲದ ಹೆಂಟೆ.

“ಅಮ್ಮಾ, ಅದು ಪಾಯಸದ್ದು. ನೈವೇದ್ಯ ಆಗಿಲ್ಲ,” ಎಂದರು ಆಚಾರ್ಯರು.

“ಒಂದು ಕೇಳ್ತೀನಿ ಆಚಾರ್ರೇ. ನಮ್ಮವರು ಬಂದು ಇವರ ಮೈಯಲ್ಲಿ ಕೂತು ಉಣ್ತಾರೆ ಅಂತ ತಾನೆ ನೀವು ಪ್ರತಿ ವರ್ಷ ಹೇಳೋದು?”

“ಹೌದು.”

“ಹಾಗಾದ್ರೆ ಈಗ ಬೆವರ್ತಾ ಇರೋದು ಯಾರು?”

ರತ್ನಾವತಿಯಮ್ಮ ಬೆಲ್ಲವನ್ನು ರಾಯರ ಕೈಗೆ ಹಾಕಿದರು. ರಾಯರ ಬೆರಳಿನ ದರ್ಭೆಯ ಪವಿತ್ರದುಂಗುರ ಬೆವರಿಗೆ ತಾನಾಗಿ ಜಾರಿತು. ಬೆಲ್ಲವನ್ನು ಅವರು ಕಚ್ಚಿ ತಿನ್ನಲಿಲ್ಲ, ಇಡೀ ಹೆಂಟೆಯನ್ನೇ ಬಾಯಿಗೆ ತುರುಕಿಕೊಂಡರು. ಗಲ್ಲದ ಮೇಲೆ ಕಂದು ನೀರು ಇಳಿಯಿತು. ಶ್ರೀಪ್ರಿಯಾ ಓಡಿಹೋಗಿ ನೀರು ತಂದಳು. ಅವಳು ಅಳುತ್ತಿದ್ದಳು. “ಸಾರಿ ಮಾಮಾ, ಅವರು ಹೇಳಿದ್ದನ್ನೇ ನಾ ಹೇಳ್ದೆ,” ಎಂದಳು.

ಗೋಡೆಯ ಮುಳ್ಳುಗಳು ಮತ್ತೆ ಎರಡಾಗುವ ಹೊತ್ತಿಗೆ ರಾಯರ ಮಣೆಯ ಮೇಲೂ ದರ್ಭೆಯ ಕಟ್ಟು ಕೂತಾಗಿತ್ತು. ಹಸಿವಿಲ್ಲದ, ಬೆವರದ, ಎಷ್ಟು ಕಾಯಿಸಿದರೂ ಕಾಯುವ ಬ್ರಾಹ್ಮಣ. ಇಂಥ ಮನೆಗಳಿಗೆ ಅದೇ ಸರಿ.

ಒಂದೂ ಐವತ್ತಕ್ಕೆ ಕೌಶಿಕ್ ಬಂದ. ಟೈ ಸಡಿಲಿಸುತ್ತಲೇ, “ಸಾರಿ ಆಚಾರ್ರೇ, ಜಸ್ಟ್ ಒಂದು ಸ್ವಲ್ಪ ಲೇಟ್,” ಎಂದ. ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದ ರಾಯರನ್ನು ನೋಡಿ, “ಮಾಮಾ ಯಾಕೆ ಹೊರಟ್ರು? ಒನ್ ಸೆಕೆಂಡ್, ಸ್ನಾನ ಮಾಡ್ಕೊಂಡು ಬಂದೆ,” ಎಂದ. ಅಷ್ಟರಲ್ಲಿ ಜೇಬಿನ ಫೋನು ಹೊಡೆದುಕೊಂಡಿತು. ಅವನು ನೆಟ್ಟಗೆ ನಿಂತ.

“ಯೆಸ್ ಸರ್. ಥರ್ಟಿಫೈವ್ ಮಿನಿಟ್ಸ್, ಸರ್. ಎರಡೂ ಇಪ್ಪತ್ತೈದಕ್ಕೆ ಲೈನಲ್ಲಿ ಇರ್ತೀನಿ, ಸರ್.”

ಹೇಳಿದವನು ಕೈಗಡಿಯಾರ ನೋಡಿಕೊಂಡ. ರಾಯರೂ ತಮ್ಮದನ್ನು ನೋಡಿಕೊಂಡರು. ಒಂದು ನಿಮಿಷವೂ ಹೆಚ್ಚುಕಡಿಮೆಯಿಲ್ಲದ ಲೆಕ್ಕ. ಬರುತ್ತದೆ ಇವನಿಗೆ, ಚೆನ್ನಾಗಿಯೇ ಬರುತ್ತದೆ!

“ಕೌಶಿಕ್,” ಎಂದರು ರಾಯರು, ಸತ್ತವರ ಮಗನನ್ನು ಮೊದಲ ಬಾರಿಗೆ ಹೆಸರು ಹಿಡಿದು ಕರೆದು. “ನಮಗೂ ಇದೇ ಲೆಕ್ಕದಲ್ಲಿ ಹೇಳಿದ್ದಿದ್ರೆ ನಿಮ್ಮಪ್ಪ ಉಂಡಿರ್ತಿದ್ರು.”

ಗೋಡೆ ಹಿಡಿದು ಮೆಟ್ಟಿಲಿಳಿದರು. ಹಿಂದಿನಿಂದ ರತ್ನಾವತಿಯಮ್ಮನ ಕೂಗು ಬಂತು. ಕೆಳಗಿನ ಮೆಸ್ಸಿನಲ್ಲಿ ಊಟ ಮಾಡದೆ ಬಸ್ಸು ಹತ್ತಕೂಡದಂತೆ.

ಆಚಾರ್ಯರು ಮತ್ತೆ ಕರೆಯಲಿಲ್ಲ. ಈಗ ಬೇರೆ ಯಾರಾದರೂ ಕೇಳಿ ಬಂದರೆ ರಾಯರು ಮೊದಲೇ ಹೇಳುತ್ತಾರೆ: ನನಗೆ ಸಕ್ಕರೆ ಕಾಯಿಲೆಯಿದೆ, ಯಜಮಾನ ಒದ್ದೆ ಪಂಚೆಯಲ್ಲಿ ಎದುರಿಗೆ ನಿಂತ ಮೇಲೆಯೇ ನಾನು ಸೂಜಿ ಹಾಕಿಕೊಳ್ಳುವುದು. ಹೆಚ್ಚಿನವರು “ತಿಳಿಸ್ತೀವಿ” ಎಂದು ಹೋಗುತ್ತಾರೆ. ಒಪ್ಪಿದ ಮನೆಗಳು ಇಲ್ಲಿಯವರೆಗೆ ಮೂರು.